ಹಳೇ ಫೋಟೋದಲ್ಲಿ ಕೆರೆ ಇದೆ, ಕಾಲುವೆ ಎಲ್ಲಿ?

ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರ ಕಾಲ ಕೆಳಗೆ ಒಂದು ಕಾಲಕ್ಕೆ ನೀರಿತ್ತು. ಅದು ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣದ ಜಾಗದಲ್ಲಿದ್ದದ್ದು ಸಂಪಂಗಿ ಕೆರೆ. ಈ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಯಾಕೆಂದರೆ ಫೋಟೋ ಇದೆ. ಹಳೇ ಬೆಂಗಳೂರಿನ ಚಿತ್ರಗಳು ಹೋಟೆಲ್ ಗೋಡೆಯ ಮೇಲೆ ತೂಗುತ್ತವೆ, ಮೊಬೈಲಿನಿಂದ ಮೊಬೈಲಿಗೆ ಹೋಗುತ್ತವೆ. ನೋಡಿದವರು 'ಅಯ್ಯೋ, ನಮ್ಮೂರು ಹೀಗಿತ್ತೇ?' ಅಂತ ನಿಟ್ಟುಸಿರು ಬಿಡುತ್ತಾರೆ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಕಡೆಯವರು ಅದೇ ಚಿತ್ರಗಳಲ್ಲಿ ತಮ್ಮ ಜಾಗ ಹುಡುಕಿದರೆ ಸಿಗುವುದು ಕಡಿಮೆ. ಹಳ್ಳ, ತೊರೆ, ರಾಜಕಾಲುವೆಯ ಚಿತ್ರವಂತೂ ಇನ್ನೂ ಕಡಿಮೆ. ಇದು ಬರೀ ನೆನಪಿನ ವಿಷಯವಲ್ಲ. ಕಟ್ಟಿದ ಮನೆ ಉಳಿಯುತ್ತೋ ಇಲ್ಲವೋ, ಮಳೆ ಬಂದರೆ ಅಂಗಡಿಗೆ ನೀರು ನುಗ್ಗುತ್ತೋ ಇಲ್ಲವೋ ಎಂಬ ವಿಷಯ.

ಕ್ಯಾಮೆರಾ ಹೋಗದ ಕಡೆ

1900ರ ಆಸುಪಾಸಿನಲ್ಲಿ ಫೋಟೋ ತೆಗೆಯುವುದೆಂದರೆ ಹುಡುಗಾಟವಲ್ಲ. ದೊಡ್ಡ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಪ್ಲೇಟು ಎಲ್ಲ ಹೊತ್ತುಕೊಂಡು ಹೋಗಬೇಕು. ಹಿಗಿನ್‌ಬಾಥಮ್ಸ್‌ನಂಥ ಕಂಪನಿಗಳು ಪೋಸ್ಟ್‌ಕಾರ್ಡು ಅಚ್ಚು ಹಾಕಿಸಿದ್ದು ಊರಿಗೆ ಕಾಗದ ಬರೆಯುವ ದಂಡಿನ ಸಾಹೇಬರಿಗಾಗಿ. ಅವರಿಗೆ ಬೇಕಾದದ್ದು ಹಲಸೂರು ಕೆರೆ, ಲಾಲ್‌ಬಾಗು. 1910ರಲ್ಲಿ ಶುರುವಾದ ಜಿ.ಕೆ. ವೇಲ್‌ನಂಥ ಸ್ಟುಡಿಯೋಗಳಿಗೆ ಜನ ಹೋಗುತ್ತಿದ್ದದ್ದು ಒಳ್ಳೇ ಬಟ್ಟೆ ಹಾಕಿಕೊಂಡು, ಮನೆಮಂದಿ ಸಮೇತ ಕೂತು ಚಿತ್ರ ತೆಗೆಸಿಕೊಳ್ಳೋದಕ್ಕೆ.

ಆಗ ಯಡಿಯೂರು, ಸಾರಕ್ಕಿ, ಮಾರೇನಹಳ್ಳಿ, ಭೈರಸಂದ್ರ, ಕತ್ರಿಗುಪ್ಪೆ ಎಲ್ಲವೂ ಊರಾಚೆಯ ಹಳ್ಳಿಗಳು. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದೇ 1948ರ ಆಗಸ್ಟ್‌ನಲ್ಲಿ, ಗವರ್ನರ್ ಜನರಲ್ ರಾಜಾಜಿಯವರ ಕೈಯಲ್ಲಿ. ಹಳ್ಳದಲ್ಲಿ ಎಮ್ಮೆ ಮೈ ತೊಳೆಯುವವರು, ಬಟ್ಟೆ ಒಗೆಯುವವರು, ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು, ಇವರ ಫೋಟೋ ತೆಗೆಸಲು ದುಡ್ಡು ಕೊಡುವವರಾರು? ಹೀಗಾಗಿ ಕೆರೆಗೆ ಚಿತ್ರ ಉಳಿಯಿತು, ಕೆರೆಗೆ ನೀರು ತರುವ ಕಾಲುವೆಗೆ ಉಳಿಯಲಿಲ್ಲ.

ಬಸ್ ಬೋರ್ಡಿನ ಸಾಕ್ಷಿ

ಫೋಟೋ ಇಲ್ಲದಿದ್ದರೂ ಹೆಸರು ಇದೆ. ಬಿ.ಟಿ.ಎಂ. ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ನಡುವಿನ ಹೆಸರಲ್ಲೇ ಕೆರೆ, ಅದರಲ್ಲಿ ತಾವರೆ. ಬನಶಂಕರಿ ಕಡೆ 'ಚೆನ್ನಮ್ಮನಕೆರೆ ಅಚ್ಚುಕಟ್ಟು' ಅಂತ ಕಂಡಕ್ಟರ್ ಕೂಗುತ್ತಾರೆ. ಅಚ್ಚುಕಟ್ಟು ಅಂದರೆ ಕೆರೆಯ ತೂಬಿನಿಂದ ನೀರು ಹಾಯುವ ಜಮೀನು. ಅಂದರೆ ಈಗ ಮನೆ, ಅಂಗಡಿ, ಕಲ್ಯಾಣ ಮಂಟಪ ಇರುವ ಕಡೆ ಹಿಂದೆ ಬೆಳೆ ಇತ್ತು.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಊರು ಕೂತಿರುವುದು ದಿಣ್ಣೆಯ ಮೇಲೆ. ಬನಶಂಕರಿ, ಕತ್ರಿಗುಪ್ಪೆ ಕಡೆಯ ಮಳೆನೀರು ಪಡುವಣಕ್ಕಿಳಿದು ವೃಷಭಾವತಿ ಸೇರುತ್ತೆ, ಅಲ್ಲಿಂದ ಅರ್ಕಾವತಿ, ಕಾವೇರಿ. ಮಡಿವಾಳದ ನೀರು ಮೂಡಲಿಗೆ ಇಳಿದು ಅಗರ, ಬೆಳ್ಳಂದೂರು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಮೇಲಿನ ಕೆರೆ ಕೋಡಿ ಬಿದ್ದರೆ ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಇದನ್ನೆಲ್ಲ ನೋಡಿಕೊಳ್ಳಲು ಹಳ್ಳಿಯಲ್ಲಿ ನೀರುಗಂಟಿ ಅಂತಲೇ ಒಬ್ಬನಿರುತ್ತಿದ್ದ.

1890ರ ದಶಕದಲ್ಲಿ ಹೆಸರಘಟ್ಟದ ನೀರು ನಲ್ಲಿಗೆ ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. ನಲ್ಲಿ ಬಂದ ಮೇಲೆ ಪೇಟೆಯವರಿಗೆ ಕೆರೆ ಬೇಡವಾಯಿತು. ಬಡಾವಣೆ ಬಂದ ಮೇಲೆ ಹಳ್ಳಿಯವರಿಗೂ ಗದ್ದೆ ಇಲ್ಲವಾಯಿತು. ನೀರುಗಂಟಿಯ ಕೆಲಸ ಹೋಯಿತು. ರಾಜಕಾಲುವೆಗೆ ಜನ ಇಟ್ಟ ಹೊಸ ಹೆಸರು 'ಮೋರಿ'. ಮೋರಿಗೆ ಕಸ ಹಾಕಿದರೆ, ಚಪ್ಪಡಿ ಮುಚ್ಚಿದರೆ ಕೇಳುವವರಾರು?

ನೀರು ಮರೆತಿಲ್ಲ

ಜನ ಮರೆತರೂ ನೀರು ತನ್ನ ದಾರಿ ಮರೆಯಲ್ಲ. 2025ರ ಮೇ 19ರಂದು ಬಿ.ಟಿ.ಎಂ. ಎರಡನೇ ಹಂತದ ಅಪಾರ್ಟ್‌ಮೆಂಟ್ ಒಂದರಲ್ಲಿ ತುಂಬಿದ ಮಳೆನೀರನ್ನು ಹೊರಹಾಕಲು ಹೋಗಿ, ವಿದ್ಯುತ್ ತಗುಲಿ ಇಬ್ಬರು ಸತ್ತರು. ಇನ್ನೊಂದು ಕಡೆ ಜೆಸಿಬಿ ಭಯ. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆ ಒತ್ತುವರಿ ತೆರವಾಯಿತು. 2016ರ ಆಗಸ್ಟ್‌ನಲ್ಲಿ ಬನ್ನೇರುಘಟ್ಟ ರಸ್ತೆ ಕಡೆಯ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಹೆಸರಿನಲ್ಲಿ ಮನೆಗಳು ಉರುಳಿದವು. ಅಧಿಕಾರಿಗಳ ಕೈಯಲ್ಲಿ ಹಳೇ ಗ್ರಾಮ ನಕ್ಷೆ, ಮನೆಯವರ ಕೈಯಲ್ಲಿ ಮಂಜೂರಾದ ಪ್ಲಾನು, ಖಾತಾ, ಕಂದಾಯ ಕಟ್ಟಿದ ರಸೀದಿ. ಎರಡೂ ಸರ್ಕಾರದ ಕಾಗದವೇ. ಸಾಲ ಮಾಡಿ ಮನೆ ಕೊಂಡವರು ಯಾವ ಕಾಗದ ನಂಬಬೇಕು?

ಕಾಲುವೆಯಿಂದ ಎಷ್ಟು ದೂರ ಬಿಡಬೇಕೆಂಬುದೂ ಹಾಗೇ ಎಳೆದಾಡಿತು. 2016ರ ಮೇನಲ್ಲಿ ಹಸಿರು ನ್ಯಾಯಮಂಡಳಿ ದೊಡ್ಡ ರಾಜಕಾಲುವೆಗೆ 50 ಮೀಟರ್, ಮಧ್ಯಮಕ್ಕೆ 35, ಚಿಕ್ಕದಕ್ಕೆ 25 ಅಂತ ಗೊತ್ತು ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಳತೆ ಕೋರ್ಟಿನಲ್ಲಿ ಬದಲಾದೀತು, ಇಳಿಜಾರು ಬದಲಾಗುತ್ತದೆಯೇ?

ನಕ್ಷೆ ಜೊತೆಗೆ ಫೋಟೋ

ಇಲ್ಲೇ ಹಳೇ ಫೋಟೋದ ಬೆಲೆ. ನಕ್ಷೆ ಗೆರೆ ತೋರಿಸುತ್ತೆ. ಮಳೆಗಾಲದಲ್ಲಿ ನೀರು ಎಷ್ಟಗಲ ಹರಡುತ್ತಿತ್ತು, ದಡದಲ್ಲಿ ಏನಿತ್ತು, ಸೇತುವೆಗೆ ಎಷ್ಟು ಕಮಾನು ಎಂಬುದು ಗೆರೆಯಲ್ಲಿ ಕಾಣದು, ಚಿತ್ರದಲ್ಲಿ ಕಾಣುತ್ತೆ. ಹಾಗಂತ ಫೋಟೋ ಒಂದನ್ನೇ ಹಿಡಿದು ಮನೆ ಕೆಡವಲೂ ಆಗದು, ಉಳಿಸಲೂ ಆಗದು. ಜಾಗ, ವರ್ಷ ಬರೆಯದ ಚಿತ್ರ ಸಾಕ್ಷಿಯಲ್ಲ, ಅಲಂಕಾರ. ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅದಕ್ಕೆ ತೂಕ.

ಪೋಸ್ಟ್‌ಕಾರ್ಡಿನಲ್ಲಿ ಸಿಗದ ಕಾಲುವೆ ಮನೆಯ ಆಲ್ಬಮ್ಮಿನಲ್ಲಿ ಸಿಕ್ಕೀತು. ಹಳೇ ಹಳ್ಳಿ ಮನೆತನಗಳಲ್ಲಿ ತಾತನ ಕಾಲದ ಗುಂಪು ಚಿತ್ರ ಇರಬಹುದು. ಜಯನಗರದ ಮೊದಮೊದಲ ಸೈಟುಗಳ ಗೃಹಪ್ರವೇಶದ ಫೋಟೋ ಇರಬಹುದು. ಗಾಂಧಿ ಬಜಾರಿನ ಹಳೇ ಅಂಗಡಿಗಳಲ್ಲಿ ಗಲ್ಲಾ ಮೇಲೆ ಕಟ್ಟು ಹಾಕಿಸಿ ಇಟ್ಟ ಚಿತ್ರ ಇರಬಹುದು. ಅವುಗಳಲ್ಲಿ ಕೂತ ಜನರನ್ನಲ್ಲ, ಹಿಂದೆ ಕಾಣುವ ಏರಿ, ಹಳ್ಳ, ತೆಂಗಿನ ತೋಟ ನೋಡಬೇಕು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆ ಬಂದವು. ನೀರಿಗೆ ಪಾಲಿಕೆಯ ಗಡಿ ಗೊತ್ತಿಲ್ಲ. ವಾರ್ಡ್ ಕಚೇರಿಯಲ್ಲೋ ಲೈಬ್ರರಿಯಲ್ಲೋ ಒಂದು ಸ್ಕ್ಯಾನರ್ ಇಟ್ಟು, ಜನರ ಫೋಟೋ ನಕಲು ಮಾಡಿ, ಅಸಲನ್ನು ಅಲ್ಲೇ ವಾಪಸು ಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಒಂದು ಪ್ರತಿ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಲಿ. ಮನೆಯ ಹಿರಿಯರನ್ನು ಕೇಳಿ ಫೋಟೋ ಹಿಂದೆ ಊರು, ವರ್ಷ ಬರೆದಿಡುವ ಕೆಲಸಕ್ಕಂತೂ ಸರ್ಕಾರ ಬೇಕಿಲ್ಲ, ಒಂದು ಪೆನ್ಸಿಲ್ ಸಾಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕೋಟೆ ಅರ್ಧ ಸೂರೆಯಾಗಿದೆ, ನಿಜ. ಕಾಲುವೆ ಎಲ್ಲಿತ್ತು ಅಂತ ಕಣ್ಣಾರೆ ಕಂಡು ಹೇಳುವ ಹಿರಿಯರು ಇರುವಾಗಲೇ ಆ ಬಾಗಿಲು ಹಾಕುವುದು ಮೇಲು.