ರಾಷ್ಟ್ರಪತಿಗೆ ಬೇರೆ ಹೆಲಿಕಾಪ್ಟರ್ ಯಾಕೆ?

ಅರಳಗುಪ್ಪೆ ಸ್ಟೇಷನ್ನಿನಲ್ಲಿ ತುಮಕೂರು ಕಡೆಯ ರೈಲು ಹತ್ತಿದರೆ ಬಾಣಸಂದ್ರ, ಅಮ್ಮಸಂದ್ರ, ಸಂಪಿಗೆ ರೋಡ್ ದಾಟಿ ನಿಟ್ಟೂರು ಬರುತ್ತದೆ. ಆ ಸೀಮೆಯ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಎರಡನ್ನೂ ಮಾಡಿದವರು ಪ್ರಧಾನಿ ಮೋದಿ. ಅಂದಿನಿಂದ ನಮ್ಮ ತೆಂಗಿನ ಸೀಮೆಯ ಟೀ ಅಂಗಡಿಗಳಲ್ಲಿ ಒಂದು ಪ್ರಶ್ನೆ ಓಡಾಡುತ್ತಿದೆ: 'ರಾಷ್ಟ್ರಪತಿ, ಪ್ರಧಾನಿ ಎಲ್ಲ ಇನ್ನು ಇದರಲ್ಲೇ ಓಡಾಡ್ತಾರಾ?'

ಇಲ್ಲ. ಇಲ್ಲಿಗೆ ಮೊದಲು ಬಂದದ್ದು ಮೂರು ಟನ್ನಿನ ಲಘು ಹೆಲಿಕಾಪ್ಟರ್. ಒಂದೇ ಎಂಜಿನ್. ಹಿಮದ ಗಡಿಯಲ್ಲಿ ಹಳೆಯ ಚೀತಾ, ಚೇತಕ್‌ಗಳು ಮಾಡುತ್ತಿದ್ದ ಕೆಲಸಕ್ಕೆ ಅದು. ರಾಷ್ಟ್ರಪತಿಗಳು ಕೂರುವುದು ರಷ್ಯಾದ ಎಂಐ-17ರಲ್ಲಿ. ದೂರದ ಪ್ರಯಾಣಕ್ಕೆ ಅಮೆರಿಕದ ಬೋಯಿಂಗ್ 777. ಅಂಥ ಎರಡು ಬೋಯಿಂಗ್ 2020ರಲ್ಲಿ ಬಂದವು.

ಆದರೆ ಎಂಐ-17ರ ಜಾಗಕ್ಕೆಂದೇ 13 ಟನ್ನಿನ, ಎರಡು ಎಂಜಿನ್ನಿನ ಹೊಸ ಹೆಲಿಕಾಪ್ಟರನ್ನು ಎಚ್‌ಎಎಲ್ ರೂಪಿಸುತ್ತಿದೆ. ಹೆಸರು ಐಎಂಆರ್‌ಎಚ್. ಎಂಜಿನ್ನಿಗೆ ಫ್ರಾನ್ಸಿನ ಸಫ್ರಾನ್ ಜೊತೆ. ಸೇನಾ ವಿಮಾನಗಳ ಹಾರಾಟ ಯೋಗ್ಯತೆ ಪರೀಕ್ಷಿಸುವ ಸೆಮಿಲಾಕ್ ಕೂಡ ಬೆಂಗಳೂರಿನದೇ. ಗುಬ್ಬಿ ಕಾರ್ಖಾನೆ ಕಟ್ಟುವಾಗ ಸರ್ಕಾರ ಹೇಳಿದ್ದು 3ರಿಂದ 15 ಟನ್ನಿನವರೆಗಿನ ಹೆಲಿಕಾಪ್ಟರ್‌ಗಳ ಲೆಕ್ಕ. ಹಾಗಾಗಿ ಟೀ ಅಂಗಡಿಯ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ.

ನಾವು ಕೇಳುವುದು ಇನ್ನೊಂದು ಮಾತು. ಇದರಲ್ಲಿ ರಾಷ್ಟ್ರಪತಿಗಳು ಕೂರಲಿ, ಖಂಡಿತ ಕೂರಲಿ. ಆದರೆ ಅವರಿಗೆಂದೇ ಬೇರೆ ಯಂತ್ರ ಮಾಡುವುದು ಬೇಡ. ಸೈನಿಕ ಹತ್ತುವುದು ಯಾವುದೋ, ನೆರೆಯಲ್ಲಿ ಸಿಕ್ಕಿಕೊಂಡವರನ್ನು ಎತ್ತುವುದು ಯಾವುದೋ, ಅದೇ ಸಾಲಿನಿಂದ ಒಂದನ್ನು ಅವರಿಗೂ ಕೊಡಿ.

ಇದು ಹೊಸ ವಿಚಾರವೇನಲ್ಲ. ಕಾನ್ಪುರದಲ್ಲಿ ಜೋಡಿಸಿದ ಆವ್ರೊ 1961ರಲ್ಲಿ ಮೊದಲು ಹಾರಿತು. ವಿನ್ಯಾಸ ಬ್ರಿಟನ್ನಿನದು, ಕೈ ನಮ್ಮದು. ಅದೇ ಆವ್ರೊ ವಾಯುಪಡೆಯಲ್ಲಿ ಗಣ್ಯರನ್ನು ಹೊತ್ತಿತು, ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಟಿಕೆಟ್ ಕೊಂಡವರನ್ನು ಮಂಗಳೂರಿಗೆ ಇಳಿಸಿತು. ದಶಕಗಟ್ಟಲೆ ದುಡಿಯಿತು. ಬೋಯಿಂಗ್ 777ಕ್ಕೆ ಮುಂಚೆಯೂ ಅಷ್ಟೆ: ಏರ್ ಇಂಡಿಯಾದ ಜಂಬೊ ವಿಮಾನವನ್ನೇ ಪ್ರಯಾಣಿಕರ ಸೇವೆಯಿಂದ ಬಿಡಿಸಿ, ಒಳಗಿನ ಸೀಟು ಬದಲಿಸಿ, ರಾಷ್ಟ್ರಪತಿ ವಿದೇಶದಿಂದ ಮರಳಿದ ಮೇಲೆ ಮತ್ತೆ ಜನರಿಗೆ ಬಿಡುತ್ತಿದ್ದರು.

ಗಣ್ಯರಿಗೆಂದೇ ಬೇರೆ ಹೆಲಿಕಾಪ್ಟರ್ ಕೊಳ್ಳಲು ಹೊರಟಾಗ ಏನಾಯಿತು? ಅಗಸ್ಟಾ ವೆಸ್ಟ್‌ಲ್ಯಾಂಡ್. 2010ರ ಫೆಬ್ರುವರಿಯಲ್ಲಿ 12 ಹೆಲಿಕಾಪ್ಟರ್‌ಗೆ ಸಹಿ, 3,500 ಕೋಟಿ ರೂಪಾಯಿಗೂ ಮೇಲೆ. ಲಂಚದ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ನಮಗೆ ಅದಕ್ಕಿಂತ ಹೆಚ್ಚು ಕಾಡುವುದು ಅಳತೆಯ ಕಥೆ. ಮೊದಲು 6,000 ಮೀಟರ್ ಎತ್ತರದಲ್ಲಿ ಹಾರಬೇಕು ಎಂದಿದ್ದ ಷರತ್ತು 4,500ಕ್ಕೆ ಇಳಿಯಿತು. ಒಳಗಿನ ಕ್ಯಾಬಿನ್ ಮಾತ್ರ 1.8 ಮೀಟರ್ ಎತ್ತರ ಇರಲೇಬೇಕು ಎಂಬ ಷರತ್ತು ಹೊಸದಾಗಿ ಸೇರಿತು. ಹಾರುವ ಎತ್ತರ ಇಳಿದು ನಿಲ್ಲುವ ಎತ್ತರ ಏರಿತು! ಇದರಿಂದ ಸ್ಪರ್ಧೆಯೇ ಕಿರಿದಾಯಿತು ಎಂದು 2013ರಲ್ಲಿ ಸಿಎಜಿ ಬರೆಯಿತು. 2014ರ ಜನವರಿ 1ರಂದು ಒಪ್ಪಂದ ರದ್ದು. ಅಷ್ಟರಲ್ಲಿ ಮೂರು ಬಂದಿದ್ದವು. ಹತ್ತಾರು ಜನ ಕೂರುವ ಯಂತ್ರವನ್ನು ಒಬ್ಬರ ಮೈ ಅಳತೆಗೆ ಹೊಲಿಯಲು ಹೊರಟರೆ ದರ್ಜಿ ಹೇಳಿದ್ದೇ ರೇಟು.

ಭದ್ರತೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಕ್ಷಿಪಣಿ ಎಚ್ಚರಿಕೆಯ ಸಾಧನ, ಕದ್ದು ಕೇಳಲಾಗದ ಫೋನು ಎಲ್ಲ ಇರಲಿ. ಅವನ್ನು ಇದ್ದ ಯಂತ್ರಕ್ಕೇ ಕೂರಿಸಬಹುದು. ಆ ಎರಡು ಬೋಯಿಂಗ್‌ಗಳೂ ಮೊದಲು ಏರ್ ಇಂಡಿಯಾದ ಪ್ರಯಾಣಿಕ ವಿಮಾನಗಳಾಗಿಯೇ ಬಂದಿದ್ದವು. ಆಮೇಲೆ ಅಮೆರಿಕಕ್ಕೆ ಕಳಿಸಿ ಸಾಧನ ಹಾಕಿಸಿದರು.

ಹೆಲಿಪ್ಯಾಡ್ ಸುದ್ದಿ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಊಟವಿದ್ದ ಹಾಗೆ. ಮೈದಾನಕ್ಕೆ ನೀರು ಹೊಡೆಸಿದ್ದು, ಸುಣ್ಣದಲ್ಲಿ ಗುರುತು ಬಿಡಿಸಿದ್ದು, ಯಾರು ಹಾರ ಹಾಕಿದರು, ಯಾರನ್ನು ಬ್ಯಾರಿಕೇಡ್ ಆಚೆ ನಿಲ್ಲಿಸಿದರು, ಇಷ್ಟೇ ಬರೆಯುತ್ತೇವೆ. ಹೆಲಿಕಾಪ್ಟರ್ ಎಷ್ಟು ಟನ್, ನೆಲ ತಡೆಯುತ್ತದೆಯೇ ಎಂದು ಕೇಳುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಶಬರಿಮಲೆಗೆ ಹೊರಟ ರಾಷ್ಟ್ರಪತಿ ಮುರ್ಮು ಅವರ ಹೆಲಿಕಾಪ್ಟರ್ ಕೇರಳದ ಪ್ರಮಾಡಂನಲ್ಲಿ ಇಳಿದಾಗ ಹಸಿ ಕಾಂಕ್ರೀಟಿನಲ್ಲಿ ಚಕ್ರ ಹೂತುಕೊಂಡಿತು. ಪೊಲೀಸರೂ ಅಗ್ನಿಶಾಮಕದವರೂ ಸೇರಿ ತಳ್ಳಿದರು. ವಿಡಿಯೋ ನೋಡಿ ನಕ್ಕವರೇ ಹೆಚ್ಚು. ಆದರೆ ಯಂತ್ರ ಎಷ್ಟೇ ಒಳ್ಳೆಯದಿರಲಿ, ಇಳಿಯುವುದು ಪಿಡಬ್ಲ್ಯುಡಿ ಹಾಕಿದ ನೆಲದ ಮೇಲೇ ತಾನೆ.

ನಮ್ಮವರ ಕೆಲಸವನ್ನೂ ಕಣ್ಣು ಮುಚ್ಚಿ ಹೊಗಳಲಾರೆವು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಸರಸ್ ವಿಮಾನ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು, ಪರೀಕ್ಷಾ ಹಾರಾಟಕ್ಕೆ ಹೋಗಿದ್ದ ವಾಯುಪಡೆಯ ಮೂವರು ತೀರಿಕೊಂಡರು. ಈಕ್ವೆಡಾರ್ ದೇಶ ಏಳು ಧ್ರುವ್ ಕೊಂಡಿತ್ತು. ನಾಲ್ಕು ಬಿದ್ದ ಮೇಲೆ 2015ರಲ್ಲಿ ಒಪ್ಪಂದ ಮುರಿಯಿತು. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ್ ಬಿದ್ದು, ದೇಶದ ಧ್ರುವ್‌ಗಳೆಲ್ಲ ತಿಂಗಳುಗಟ್ಟಲೆ ನೆಲ ಹಿಡಿದವು. ಹಾಗೆಂದು ಹೊರಗಿನದು ಬೀಳುವುದಿಲ್ಲವೇ? 2021ರ ಡಿಸೆಂಬರ್ 8ರಂದು ಕೂನೂರು ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17 ಬಿತ್ತು.

ಅಟ್ಟಕ್ಕೆ ಹಾಕಿದ ಕಾಯಿ ಗಿಟಕಾಗಲು ವರ್ಷ ಹಿಡಿಯುತ್ತದೆ. ರೇಟು ಬಂತೆಂದು ನಡುವೆ ಒಡೆದರೆ ಒಳಗೆ ಹಸಿ. ಐಎಂಆರ್‌ಎಚ್‌ಗೂ ಅಷ್ಟು ತಾಳ್ಮೆ ಕೊಡಬೇಕು. ಚುನಾವಣೆಗೆ ಮುಂಚೆ ಗಣ್ಯರನ್ನು ಕೂರಿಸಿ ಫೋಟೊ ತೆಗೆಸುವ ಆತುರ ಬೇಡ. ಮೊದಲ ಸಾಲಿನ ಹೆಲಿಕಾಪ್ಟರ್‌ಗಳು ಸೇನೆಗೆ ಹೋಗಲಿ, ನೆರೆ ಬಂದ ಜಿಲ್ಲೆಗಳಿಗೆ ಹೋಗಲಿ. ಎಲ್ಲಿ ಕೆಡುತ್ತದೆ, ಯಾವ ಬಿಡಿಭಾಗ ಸವೆಯುತ್ತದೆ ಎಂಬುದು ನಾಲ್ಕಾರು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಬಿದ್ದರೆ ತನಿಖಾ ವರದಿ ಹೊರಗೆ ಬರಲಿ, ಕಪಾಟಿನಲ್ಲಿ ಕೂರದಿರಲಿ. ಆಮೇಲೆ ಅದೇ ಸಾಲಿನಿಂದ ಎರಡೋ ಮೂರೋ ತೆಗೆದು ರಾಷ್ಟ್ರಪತಿಗಳಿಗೆ ಕೊಡಲಿ. ಅಷ್ಟರಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಐಟಿಐ ಹುಡುಗರು ಎಷ್ಟು ಜನ ಕಾವಲ್‌ನ ಗೇಟಿನೊಳಗೆ ಸ್ಪ್ಯಾನರ್ ಹಿಡಿದಿರುತ್ತಾರೆ, ಎಷ್ಟು ಜನ ಗೇಟಿನ ಹೊರಗೆ ಸೆಕ್ಯೂರಿಟಿ ಟೋಪಿ ಹಾಕಿರುತ್ತಾರೆ ಎಂಬುದನ್ನೂ ನಾವು ಎಣಿಸುತ್ತಿರುತ್ತೇವೆ.