ಬೆಳೆ ದಾಖಲಿಸಲು ಫೋನು ಬದಲಿಸಬೇಕೆ?

ಚನ್ನಗಿರಿಯ ಅಡಿಕೆಯಾಗಲಿ, ಹೊನ್ನಾಳಿ-ನ್ಯಾಮತಿಗಳ ಭತ್ತವಾಗಲಿ, ಜಗಳೂರಿನ ಮೆಕ್ಕೆಜೋಳವಾಗಲಿ, ಸರ್ಕಾರದ ಲೆಕ್ಕಕ್ಕೆ ಸೇರುವುದು ಬೆಳೆ ಸಮೀಕ್ಷೆಯಿಂದ. ವಿಮೆ, ಬೆಂಬಲ ಬೆಲೆ, ಪರಿಹಾರಗಳಿಗೆ ಅದೇ ಆಧಾರ. ರೈತರೇ ಹೊಲದಲ್ಲಿ ನಿಂತು ಛಾಯಾಚಿತ್ರ ತೆಗೆದು ದಾಖಲಿಸುವ ಆ್ಯಪನ್ನು ರಾಜ್ಯ ಸರ್ಕಾರವು 2020ರಲ್ಲಿ ಒದಗಿಸಿದ್ದು ಸ್ವಾಗತಾರ್ಹ. ಆದರೆ ಅದು ರೂಪುಗೊಂಡದ್ದು ಆಂಡ್ರಾಯ್ಡ್ ಫೋನಿಗಾಗಿ. 2017ರಲ್ಲಿ ಬಂದ ಅಗ್ಗದ ಜಿಯೋಫೋನ್ ನಡೆಯುವುದು ಕಾಯ್‌ಓಎಸ್ ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆಯಿಂದ. ಒಂದಕ್ಕೆ ಬರೆದ ಆ್ಯಪ್ ಇನ್ನೊಂದರಲ್ಲಿ ನಡೆಯದು.

ಪೈಪೋಟಿಯೇ ಇದನ್ನು ಸರಿಪಡಿಸೀತೆಂದು ನಂಬುವಂತಿಲ್ಲ. ಬಳಕೆದಾರರು ಕಡಿಮೆಯೆಂದು ಆ್ಯಪ್ ಬರೆಯುವವರಿಲ್ಲ, ಆ್ಯಪ್ ಇಲ್ಲವೆಂದು ಕೊಳ್ಳುವವರಿಲ್ಲ. ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಮುಳುಗಿದ್ದು ಈ ಸುಳಿಯಲ್ಲಿಯೇ. ಆಂಡ್ರಾಯ್ಡಿನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಆ ದಂಡದಿಂದ ಕೀಪ್ಯಾಡ್ ಫೋನಿನ ರೈತನಿಗೆ ದಾರಿ ತೆರೆಯಲಿಲ್ಲ.

ಊರಿನಲ್ಲಿ ನೇಮಕಗೊಂಡ ಖಾಸಗಿ ನಿವಾಸಿಗಳು ಸಮೀಕ್ಷೆ ಮಾಡುವರಲ್ಲ ಎನ್ನಬಹುದು. ನಿಜ. ಆದರೂ ತನ್ನ ಬೆಳೆಯನ್ನು ತಾನೇ ದಾಖಲಿಸುವ ಅವಕಾಶವು ಫೋನು ಬದಲಿಸಬಲ್ಲವರಿಗಷ್ಟೇ ಮೀಸಲಾಗಬಾರದು. ಕೆಡದ ಫೋನನ್ನು ಎಸೆದರೆ ವಿದ್ಯುನ್ಮಾನ ತ್ಯಾಜ್ಯದ ರಾಶಿಯೂ ಬೆಳೆಯುತ್ತದೆ. ಸರ್ಕಾರಿ ಸೇವೆಯು ಯಾವ ಫೋನಿನ ಬ್ರೌಸರಿನಲ್ಲಾದರೂ ತೆರೆಯುವಂತಾಗಲಿ. ಅಲ್ಲಿಯವರೆಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ರೈತರ ಬಳಕೆಗೊಂದು ಫೋನಿರಲಿ. ಮುಂದಿನ ಗ್ರಾಮಸಭೆಯಲ್ಲಿ ರೈತರೂ ವಿದ್ಯಾರ್ಥಿಗಳೂ ಒಡಗೂಡಿ ಇದನ್ನೇ ಕೇಳೋಣ.