ಆ್ಯಪ್ ಕಲಿಸಿದ ಮೇಲೆ ಆಡಿಸುವವರು ಯಾರು?

ಪರ್ಕಳದ ಬಾಡಿಗೆ ಮನೆಗಳಲ್ಲಿ ಮಣಿಪಾಲದ ವಿದ್ಯಾರ್ಥಿಗಳು ಬೇಕಾದಷ್ಟು. ದಿಲ್ಲಿ, ಕೋಲ್ಕತ್ತ, ಹೈದರಾಬಾದ್ ಕಡೆಯವರು. ಇಲ್ಲಿನ ಅಂಗಡಿಯವರಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ, ಊರ ಗಿರಾಕಿಗೆ ಕನ್ನಡ, ಈ ಮಕ್ಕಳು ಬಂದರೆ ಹಿಂದಿ. ಮೊಬೈಲಿನಲ್ಲಿ ಕಷ್ಟಪಟ್ಟು ಕಲಿತ ಕನ್ನಡ ವಾಕ್ಯವೊಂದನ್ನು ಅವರು ಆಡಿ ಮುಗಿಸುವ ಮೊದಲೇ ಹಿಂದಿಯಲ್ಲಿ ಉತ್ತರ ಬಂದಿರುತ್ತದೆ. ನಾಲ್ಕೈದು ವರ್ಷ ಇದ್ದು ಹೋದವರ ಬಾಯಲ್ಲೂ ಕನ್ನಡ ನಿಲ್ಲದಿರುವುದಕ್ಕೆ ಈ ಸೌಜನ್ಯವೂ ಒಂದು ಕಾರಣ.

ಆ್ಯಪ್‌ಗಳನ್ನು ತಳ್ಳಿಹಾಕುವಂತಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ತಂದ ‘ಭಾಷಾ ಸಂಗಮ’ ಆ್ಯಪ್ 22 ಭಾಷೆಗಳಲ್ಲಿ ನಿತ್ಯಬಳಕೆಯ ನೂರರಷ್ಟು ವಾಕ್ಯಗಳನ್ನು ಕಲಿಸುತ್ತದೆ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದ. ಮರೆಯುವ ಹೊತ್ತಿಗೆ ಅದೇ ಪದವನ್ನು ಮತ್ತೆ ಎದುರಿಗಿಡುವ ಇಂದಿನ ಆ್ಯಪ್‌ಗಳ ಲೆಕ್ಕಾಚಾರಕ್ಕೆ ಅಲ್ಲಿಯೇ ಮೂಲ. ಪದ ಉಳಿಸಿಕೊಳ್ಳಲು ಅದು ನಿಜಕ್ಕೂ ನೆರವಾಗುತ್ತದೆ.

ಮಾತಿನ ವಿಷಯ ಬೇರೆ. ಡುಯೋಲಿಂಗೋದಲ್ಲಿ ಸರಾಸರಿ 34 ಗಂಟೆ ಸ್ಪ್ಯಾನಿಷ್ ಕಲಿತರೆ ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರ್‌ಗೆ ಸಮ ಎಂದು 2012ರ ಅಧ್ಯಯನವೊಂದು ಹೇಳಿತು. ಅದಕ್ಕೆ ಹಣ ಕೊಟ್ಟದ್ದು ಅದೇ ಕಂಪನಿ. ಪರೀಕ್ಷಿಸಿದ್ದು ಪದ, ವ್ಯಾಕರಣ, ಓದು. ಯಾರೂ ಬಾಯಿ ಬಿಟ್ಟು ಮಾತಾಡಬೇಕಿರಲಿಲ್ಲ.

1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗೆ ಆ ರಿಯಾಯಿತಿ ಸಿಗುವುದಿಲ್ಲ. ಕಾರ್ಕಳದಿಂದಲೋ ಕಾಪುವಿನಿಂದಲೋ ಬಂದ ಅಜ್ಜಿ “ಎದೆ ಉರಿ ಉಂಟು ಡಾಕ್ಟ್ರೇ, ರಾತ್ರಿ ಜಾಸ್ತಿ ಆಗ್ತದೆ” ಎಂದರೆ, ಎಷ್ಟು ದಿನದಿಂದ, ಊಟದ ಮೊದಲೋ ನಂತರವೋ ಎಂದು ಕೇಳಲೇಬೇಕು. ಅಜ್ಜಿಯ ಉತ್ತರ ಯಾವ ಪಾಠದ ಕ್ರಮದಲ್ಲೂ ಬರುವುದಿಲ್ಲ, ನಡುವೆ ತುಳುವೂ ಸೇರುತ್ತದೆ. 2019ರ ಎಂಬಿಬಿಎಸ್ ಪಠ್ಯಕ್ರಮ ಆರಂಭದ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆಗೆ ಜಾಗ ಕೊಟ್ಟದ್ದು ಸರಿಯಾಗಿಯೇ ಇದೆ. ಆದರೆ ತರಗತಿಯಲ್ಲಿ ಕಲಿತದ್ದು ಗಟ್ಟಿಯಾಗುವುದು ವಾರ್ಡಿನಲ್ಲಿ, ರೋಗಿಗೆ ಬೇರೆ ಭಾಷೆ ಬಾರದ ಕಾರಣಕ್ಕೆ.

ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಬೇರೆ ರಾಜ್ಯಗಳ ಶಿಕ್ಷಕರಿಗೆ ಕನ್ನಡವನ್ನೂ ಇತರ ದ್ರಾವಿಡ ಭಾಷೆಗಳನ್ನೂ ಕಲಿಸಲು ಇಟ್ಟುಕೊಂಡ ಅವಧಿ ಹತ್ತು ತಿಂಗಳು. ಪಾಠದ ಜೊತೆಗೆ ಆ ಭಾಷೆಯಾಡುವ ಊರುಗಳಿಗೂ ಕರೆದೊಯ್ಯುತ್ತಾರೆ. ಮಣಿಪಾಲದ ಮಕ್ಕಳಿಗೆ ಅಂಥ ಪ್ರವಾಸ ಬೇಕಿಲ್ಲ, ಪರ್ಕಳದ ಪೇಟೆ ಕೈಯಳತೆಯಲ್ಲೇ ಇದೆ. ತೊಂಡೆಕಾಯಿ ಕೇಳಲು ತಡವರಿಸುವ ಹುಡುಗಿಯ ವಾಕ್ಯ ಮುಗಿಯುವ ತನಕ ಅಂಗಡಿಯವರು ಅರ್ಧ ನಿಮಿಷ ಕಾದು, ಕನ್ನಡದಲ್ಲೇ ಕ್ರಯ ಹೇಳಿದರೆ ಆಯಿತು.